ಮನೇಲಿ ಒಂದಿದೆಯಲ್ಲ!

ಹೆಣ್ಣಾಗಿ ಹುಟ್ಟಿ ಈ ಮಾತನ್ನು ಕೇಳದೆ ಬೆಳೆದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. "ಮನೇಲಿ ಒಂದಿದೆಯಲ್ಲ, ಇನ್ನೊಂದು ಯಾಕೆ?" ಕೊಡೆ, ಟಾರ್ಚು, ಸೈಕಲ್ಲು, ಓದುವ ಮೇಜು, ಈಗಿನ ಕಾಲಕ್ಕೆ ಬಂದರೆ ಲ್ಯಾಪ್‌ಟಾಪು. ಮನೆಯಲ್ಲಿ ಒಂದೇ ಇರುವ ಸಾಮಾನು ಯಾರದ್ದು ಎಂದು ಕೇಳಿದರೆ ಎಲ್ಲರದ್ದೂ ಎನ್ನುತ್ತಾರೆ. ಎಲ್ಲರದ್ದೂ ಆದ ಆ ಸಾಮಾನು ರಾತ್ರಿ ಯಾರ ಕೋಣೆಯಲ್ಲಿರುತ್ತದೆ ಎಂದು ಹೋಗಿ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ನನ್ನ ಕಿವಿಗೆ ಆ ಮಾತು ಮತ್ತೆ ಬಿದ್ದದ್ದು 2023ರ ಗೌರಿ ಹಬ್ಬದ ಹಿಂದಿನ ವಾರ, ಒಂದು ಕ್ಯಾಲ್ಕುಲೇಟರಿನ ವಿಚಾರವಾಗಿ. ಶಿವಮೊಗ್ಗದಿಂದ ಅಣ್ಣ ಫೋನ್ ಮಾಡಿದ್ದ. ಪ್ರತಿ ವರ್ಷ ಹಬ್ಬದ ಮುಂಚೆ ಅವನು ಫೋನ್ ಮಾಡುವುದು, ಬಾಗಿನದ ದುಡ್ಡು ಕಳಿಸುವುದು, ನಾನು ಸುಮ್ಮನೆ "ಅಯ್ಯೋ, ಯಾಕೆ ಇದೆಲ್ಲ" ಎನ್ನುವುದು ಅಪ್ಪ ಹೋದಾಗಿನಿಂದ ನಡೆದುಬಂದ ಪದ್ಧತಿ. ಮಾತಿನ ನಡುವೆ ಅವನ ಮಗಳ ವಿಷಯ ಬಂತು. ಬಿಎಸ್ಸಿ ಸೇರಿದ್ದಾಳೆ, ಗಣಿತ ಮತ್ತು ಸಂಖ್ಯಾಶಾಸ್ತ್ರ. ನನಗೆ ಹಿಗ್ಗೋ ಹಿಗ್ಗು. ಕಾಲೇಜಿನವರು ಬೇಕಾದ ಸಾಮಾನಿನ ಪಟ್ಟಿ ಕೊಟ್ಟಿದ್ದಾರಂತೆ, ಅದರಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಎಂದಿದೆಯಂತೆ.

"ತೆಗೆಸಿಕೊಟ್ಯಾ?" ಎಂದೆ.

"ಅದೊಂದು ಯಾಕೆ ದಂಡ? ಮನೇಲಿ ಒಂದಿದೆಯಲ್ಲ, ಇವನದ್ದು. ಇಬ್ರೂ ಹೊಂದಿಸ್ಕೊಂಡು ಹೋಗ್ತಾರೆ. ಮೇಲೆ ಮೊಬೈಲಲ್ಲಿ ಇದ್ದೇ ಇರತ್ತಲ್ಲ ಮಾರಾಯ್ತಿ."

ಇವನು ಎಂದರೆ ಅಣ್ಣನ ಮಗ, ಅದೇ ಊರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ನಾನು "ಹೌದಾ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಆದರೆ ಅಂದು ಸಂಜೆ ಪಾಠಕ್ಕೆ ಬಂದ ಮಕ್ಕಳಿಗೆ ಲೆಕ್ಕ ಹಾಕಿಕೊಟ್ಟು ಕೂತವಳಿಗೆ ಮನಸ್ಸು ನಿಲ್ಲಲಿಲ್ಲ. ಯಾಕೆಂದು ಹೇಳಬೇಕಾದರೆ ಮೂವತ್ತು ವರ್ಷಕ್ಕೂ ಹಿಂದೆ ಹೋಗಬೇಕು.

ನಾನು ಸಾಗರದಲ್ಲಿ ಬಿಎಸ್ಸಿ ಓದುವಾಗ ಅಣ್ಣ ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ. ಅವನು ಸೇರಿದ ವರ್ಷ, 1987ರಲ್ಲಿ, ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಮುನ್ನೂರ ಚಿಲ್ಲರೆ ಕೊಟ್ಟು ಭಟ್ಕಳದಿಂದ ಒಂದು ಕ್ಯಾಸಿಯೋ ತರಿಸಿಕೊಟ್ಟಿದ್ದರು. ಆಗ ಫಾರಿನ್ ಸಾಮಾನು ಎಂದರೆ ನಮ್ಮ ಕಡೆಯವರಿಗೆ ಭಟ್ಕಳವೇ. ಅದಕ್ಕೊಂದು ಕಪ್ಪು ಚೀಲ. ದೇವರ ಸಾಲಿಗ್ರಾಮವನ್ನು ಇಟ್ಟ ಹಾಗೆ ಅಣ್ಣ ಅದನ್ನು ಇಡುತ್ತಿದ್ದ. ರಜೆಗೆ ಬಂದಾಗ ನಾನು ಹತ್ತಿರ ಹೋದರೆ "ಗುಂಡಿ ಹಾಳಾಗತ್ತೆ" ಎನ್ನುತ್ತಿದ್ದ. ನಾನು ಮೂರು ವರ್ಷವೂ ಕ್ಲಾರ್ಕ್ಸ್ ಟೇಬಲ್ಲಿನಲ್ಲೇ ಕಾಲ ಹಾಕಿದೆ. ಲಾಗರಿದಮ್ ನೋಡು, ಮೀನ್ ಡಿಫರೆನ್ಸ್ ಕೂಡಿಸು, ಬಾರ್ ಒನ್ನು ಬಾರ್ ಟೂ ಎಂದು ಗುನುಗು, ಆಮೇಲೆ ಆಂಟಿಲಾಗ್ ನೋಡು. ಅದರಲ್ಲಿ ಕೈ ಚೆನ್ನಾಗಿಯೇ ಕುದುರಿತ್ತು.

ಅಂತಿಮ ವರ್ಷದಲ್ಲಿ ನ್ಯೂಮರಿಕಲ್ ಅನಾಲಿಸಿಸ್ ಎಂಬ ಭಾಗ ಬಂತು. ಅಲ್ಲಿ ಒಂದೊಂದು ಲೆಕ್ಕವೂ ಏಳೆಂಟು ದಶಾಂಶ ಸಂಖ್ಯೆಗಳ ಗುಣಾಕಾರ ಭಾಗಾಕಾರ. ಆ ಪತ್ರಿಕೆಗೆ ಕ್ಯಾಲ್ಕುಲೇಟರ್ ತರಬಹುದು ಎಂದರು. 1991ರ ಏಪ್ರಿಲ್‌ನಲ್ಲಿ ಪರೀಕ್ಷೆ. ಅಣ್ಣ ಮನೆಯಲ್ಲಿದ್ದ. ಅಮ್ಮ ಶಿಫಾರಸು ಮಾಡಿದಳು. ಪರೀಕ್ಷೆಯ ದಿನ ಬೆಳಿಗ್ಗೆ, ಬಸ್ಸಿಗೆ ಹೊರಡುವ ಹೊತ್ತಿಗೆ ಕಪ್ಪು ಚೀಲ ನನ್ನ ಕೈಗೆ ಬಂತು. ಅಣ್ಣ ದೊಡ್ಡ ಮನಸ್ಸು ಮಾಡಿದ ಎಂದು ಎಲ್ಲರಿಗೂ ಸಂತೋಷ. ನನಗೂ.

ಇಲ್ಲಿ ಸ್ವಲ್ಪ ಲೆಕ್ಕದ ವಿಷಯ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಹೊಲಿಗೆಯವರ ಟೇಪು ನೋಡಿದ್ದೀರಲ್ಲ, ಒಂದು ಬದಿ ಇಂಚು, ಇನ್ನೊಂದು ಬದಿ ಸೆಂಟಿಮೀಟರ್. ಎದೆ ಸುತ್ತಳತೆ ಮೂವತ್ತಾರು ಎಂದು ಬರೆದುಕೊಂಡು ತಪ್ಪು ಬದಿಯಿಂದ ಅಳೆದು ರವಿಕೆ ಕತ್ತರಿಸಿದರೆ ಅದು ಗೊಂಬೆಗೆ ಆಗುತ್ತದೆ. ಕೋನವನ್ನು ಅಳೆಯುವುದಕ್ಕೂ ಹೀಗೆ ಎರಡು ಅಳತೆಗಳುಂಟು, ಡಿಗ್ರಿ ಮತ್ತು ರೇಡಿಯನ್. ನಮ್ಮ ಗಣಿತದ ಪತ್ರಿಕೆಯಲ್ಲಿ ಬೇಕಾದದ್ದು ರೇಡಿಯನ್. ಅಣ್ಣನಿಗೆ ಜಮೀನು ಅಳೆಯುವ ಸರ್ವೆ ಪಾಠಕ್ಕೆ ಬೇಕಾದದ್ದು ಡಿಗ್ರಿ. ಯಂತ್ರ ಅವನದ್ದು, ಆದ್ದರಿಂದ ಅದು ಡಿಗ್ರಿಯಲ್ಲಿತ್ತು. ಪರದೆಯ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ಅದನ್ನು ನೋಡಬೇಕು ಎಂದು ನನಗೆ ಗೊತ್ತಿದ್ದರೆ ತಾನೆ!

ಮೊದಲ ಲೆಕ್ಕ ನ್ಯೂಟನ್-ರಾಫ್ಸನ್ ವಿಧಾನದ್ದು. ಯಾವ ಸಂಖ್ಯೆಯ ಕೊಸೈನ್ ಆ ಸಂಖ್ಯೆಗೇ ಸಮವಾಗುತ್ತದೆ, ಕಂಡುಹಿಡಿಯಿರಿ. ಹಂತ ಹಂತವಾಗಿ ಅಚ್ಚುಕಟ್ಟಾಗಿ ಬರೆದೆ. ಉತ್ತರ 0.9998 ಎಂದು ಬಂತು. ಕೆಳಗೆ ಎರಡು ಗೆರೆ ಎಳೆದೆ. ಎರಡನೆಯದು ಸಿಂಪ್ಸನ್ ನಿಯಮದ್ದು, ಸೈನ್ ವಕ್ರರೇಖೆಯ ಕೆಳಗಿನ ವಿಸ್ತೀರ್ಣ, ಸೊನ್ನೆಯಿಂದ ಪೈ ಭಾಗಿಸು ಎರಡರವರೆಗೆ. ಅದರ ಸರಿಯುತ್ತರ ಒಂದು ಎಂದು ಬಾಯಲ್ಲೇ ಹೇಳಬಹುದು. ಯಂತ್ರ ನನಗೆ ಕೊಟ್ಟದ್ದು 0.0215.

ಮೈ ಬೆವರಿತು. ಮತ್ತೆ ಮಾಡಿದೆ. ಮತ್ತೆ ಅದೇ. ತಪ್ಪು ನನ್ನದಲ್ಲ, ಯಂತ್ರದ್ದು ಎಂದು ಹೊಳೆಯುವುದಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು. ಹೊಳೆದ ಮೇಲೂ ಯಾವ ಗುಂಡಿ ಒತ್ತಬೇಕು? ಪಕ್ಕದವರನ್ನು ಕೇಳುವ ಹಾಗಿಲ್ಲ, ಮೇಲ್ವಿಚಾರಕರನ್ನು ಕೇಳಿದರೆ "ಮಾತಾಡಬಾರದು" ಎಂದರು. ಕಡೆಗೆ ಎದ್ದು ನಿಂತು ಕ್ಲಾರ್ಕ್ಸ್ ಟೇಬಲ್ ಬೇಡಿ ತೆಗೆದುಕೊಂಡೆ. ಹದಿನೈದು ಡಿಗ್ರಿ, ಮೂವತ್ತು, ನಲವತ್ತೈದು ಎಂದು ಸೈನ್ ಬೆಲೆಗಳನ್ನು ಒಂದೊಂದಾಗಿ ನೋಡಿ ಆ ಲೆಕ್ಕವನ್ನು ಹೇಗೋ ದಡ ಸೇರಿಸಿದೆ. ಮೊದಲನೆಯ ಲೆಕ್ಕಕ್ಕೆ ಹಿಂತಿರುಗಲು ಹೊತ್ತಿರಲಿಲ್ಲ. ಅದು 0.9998 ಎಂದೇ ಹೋಯಿತು. ಸರಿಯುತ್ತರ 0.7391.

ಸಂಜೆ ಮನೆಗೆ ಬಂದು ಹೇಳಿದಾಗ ಅಣ್ಣ ತಲೆ ಚಚ್ಚಿಕೊಂಡ. "ಮೋಡ್ ನೋಡ್ಕೋಬೇಕು ಕಣೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಉರಿದದ್ದು. ಆದರೆ ಯಾವಾಗ ಗೊತ್ತಾಗಬೇಕಿತ್ತು? ನಾಲ್ಕು ವರ್ಷದಲ್ಲಿ ಆ ವಸ್ತು ನನ್ನ ಕೈಯಲ್ಲಿದ್ದದ್ದು ಎಲ್ಲ ಸೇರಿ ಒಂದು ಗಂಟೆ ಇರಬಹುದು, ಅದೂ ಅವನ ಕಣ್ಣೆದುರಿಗೆ. ಏಳು ಅಂಕದಲ್ಲಿ ನನಗೆ ಫಸ್ಟ್ ಕ್ಲಾಸ್ ತಪ್ಪಿತು. ಎಂಎಸ್ಸಿಗೆ ಹೋಗಲಿಲ್ಲ. ಒಂದು ಕ್ಯಾಲ್ಕುಲೇಟರಿನಿಂದ ಎಂಎಸ್ಸಿ ತಪ್ಪಿತು ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಅಜ್ಜಿ ಅದಾಗಲೇ ಜಾತಕ ತೆಗೆಸಿ ಕೂತಿದ್ದರು. ಆದರೆ ಫಸ್ಟ್ ಕ್ಲಾಸ್ ಬಂದಿದ್ದರೆ "ಓದ್ತೀನಿ" ಎಂದು ಹಟ ಹಿಡಿಯುವುದಕ್ಕೆ ಕೈಯಲ್ಲಿ ಒಂದು ಕಾಗದವಾದರೂ ಇರುತ್ತಿತ್ತು.

ಈ ಕಥೆಯನ್ನು ನೆನೆದು ಕಣ್ಣೊರೆಸಿಕೊಳ್ಳಲು ನಾನು ಕೂತಿಲ್ಲ. ನನ್ನ ಜಗಳ ಇರುವುದು ಇವತ್ತಿನ ತಂದೆತಾಯಿಯರ ಜೊತೆ, ಅದರಲ್ಲೂ ನಮ್ಮಂಥ ತಾಯಂದಿರು, ಅತ್ತೆಯರು, ಚಿಕ್ಕಮ್ಮಂದಿರ ಜೊತೆ. ಕಾಲೇಜಿನಲ್ಲಿ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಇಂಜಿನಿಯರಿಂಗನ್ನೋ ಓದುವ ಹುಡುಗಿಗೆ ಅವಳದೇ ಆದ ಕ್ಯಾಲ್ಕುಲೇಟರ್ ಬೇಕು. ಅಣ್ಣನದ್ದಲ್ಲ, ಗೆಳತಿಯದ್ದಲ್ಲ, ಮೊಬೈಲಿನದ್ದಲ್ಲ.

ಮೊಬೈಲಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದು ಬಹಳ ಹೊತ್ತು ನಿಲ್ಲುವ ವಾದವಲ್ಲ. ಪರೀಕ್ಷೆಯ ಕೊಠಡಿಗೆ ಮೊಬೈಲ್ ಬಿಡುವುದಿಲ್ಲ. ಅಲ್ಲಿಗೆ ಮುಗಿಯಿತಲ್ಲ? ನಾಲ್ಕು ತಿಂಗಳು ಒಂದರಲ್ಲಿ ಅಭ್ಯಾಸ ಮಾಡಿ ಪರೀಕ್ಷೆಯ ದಿನ ಇನ್ನೊಂದನ್ನು ಹಿಡಿಯುವುದು ಎಂದರೆ, ಮನೆಯಲ್ಲಿ ಕುಕ್ಕರಿನಲ್ಲಿ ಅಡಿಗೆ ಮಾಡುವವಳನ್ನು ಮದುವೆಮನೆಯ ಒಲೆಯ ಮುಂದೆ ನಿಲ್ಲಿಸಿದ ಹಾಗೆ. ಇನ್ನು ಆ ಮೊಬೈಲಿನಲ್ಲಿ ಲೆಕ್ಕ ಮಾಡಲು ಕೂತ ಮಗು ಮೂರನೆಯ ನಿಮಿಷಕ್ಕೆ ಏನನ್ನು ನೋಡುತ್ತಿರುತ್ತದೆ ಎಂದು ನಾನು ನಿಮಗೆ ಹೇಳಬೇಕೆ?

ಎಲ್ಲ ಕ್ಯಾಲ್ಕುಲೇಟರೂ ಒಂದೇ ಎಂದುಕೊಂಡವರಿಗೆ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಕಿರಾಣಿ ಅಂಗಡಿಯಲ್ಲಿರುತ್ತದಲ್ಲ ದೊಡ್ಡ ಗುಂಡಿಗಳ ಕ್ಯಾಲ್ಕುಲೇಟರ್, ಅದರಲ್ಲಿ ಎರಡು, ಕೂಡು, ಮೂರು, ಗುಣಿಸು, ನಾಲ್ಕು ಎಂದು ವರಸೆಯಾಗಿ ಒತ್ತಿ. ಇಪ್ಪತ್ತು ಎನ್ನುತ್ತದೆ. ಅದೇ ಗುಂಡಿಗಳನ್ನು ಅದೇ ವರಸೆಯಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಒತ್ತಿ. ಹದಿನಾಲ್ಕು ಎನ್ನುತ್ತದೆ. ಮೊದಲನೆಯದು ನೀವು ಹೇಳಿದ ಕ್ರಮದಲ್ಲಿ ಕೂಡಿಸಿ ಗುಣಿಸಿತು. ಎರಡನೆಯದು ಗಣಿತದ ನಿಯಮದಂತೆ ಗುಣಾಕಾರವನ್ನು ಮೊದಲು ಮಾಡಿತು. ಇನ್ನೂ ಒಂದು ವಿಷಯ. ನನ್ನ ಅಣ್ಣನ ಹಳೆಯ ಯಂತ್ರದಲ್ಲಿ ಮೊದಲು ಮೂವತ್ತು ಒತ್ತಿ ಆಮೇಲೆ ಸೈನ್ ಒತ್ತಬೇಕಿತ್ತು. ಈಗ ಬರುವವುಗಳಲ್ಲಿ ಮೊದಲು ಸೈನ್, ಆಮೇಲೆ ಮೂವತ್ತು. ಬೇರೆಯವರ ಹೊಲಿಗೆ ಯಂತ್ರದಲ್ಲಿ ಹೊಲಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರದ ಬಿಗಿ ಅವರವರ ಕೈಗೆ, ಕಾಲಿಗೆ ತಕ್ಕಂತೆ ಇರುತ್ತದೆ. ಯಂತ್ರ ಒಳ್ಳೆಯದೇ, ಹೊಲಿಗೆ ಮಾತ್ರ ಸುಕ್ಕಾಗುತ್ತದೆ.

ಎರಡನೆಯ ವಾದ ದೊಡ್ಡವರದ್ದು, ಅದರಲ್ಲೂ ನಿವೃತ್ತ ಮೇಷ್ಟ್ರುಗಳದ್ದು. "ಕ್ಯಾಲ್ಕುಲೇಟರ್ ಬಂದು ಮಕ್ಕಳ ತಲೆ ತುಕ್ಕು ಹಿಡಿಯಿತು. ನಮ್ಮ ಶಕುಂತಲಾದೇವಿಯನ್ನು ನೋಡಿ!" ನೋಡಿದ್ದೇನೆ. ಬೆಂಗಳೂರಿನಲ್ಲಿ ಹುಟ್ಟಿದ ಆ ಹೆಣ್ಣುಮಗಳು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಸಂಖ್ಯೆಯನ್ನು ಹದಿಮೂರು ಅಂಕಿಯ ಇನ್ನೊಂದು ಸಂಖ್ಯೆಯಿಂದ 28 ಸೆಕೆಂಡಿನಲ್ಲಿ ಗುಣಿಸಿದರು. ಕೈ ಮುಗಿಯುತ್ತೇನೆ. ಆದರೆ ಒಬ್ಬಳು ಎಂ. ಎಸ್. ಸುಬ್ಬುಲಕ್ಷ್ಮಿ ಹಾಡಿದರು ಎಂದು ಸಂಗೀತದ ವಿದ್ಯಾರ್ಥಿನಿಯ ಕೈಯಿಂದ ತಂಬೂರಿ ಕಿತ್ತುಕೊಳ್ಳುತ್ತೀರಾ? ಸುಬ್ಬುಲಕ್ಷ್ಮಿಯವರ ಹಿಂದೆಯೂ ತಂಬೂರಿ ಇತ್ತು.

ಅಲ್ಲದೆ ಹೀಗೆ ಹೇಳುವ ಮೇಷ್ಟ್ರುಗಳು ತಾವೇನು ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿದರೇ? ಅವರ ಕೈಯಲ್ಲೂ ಕ್ಲಾರ್ಕ್ಸ್ ಟೇಬಲ್ ಇತ್ತು. ಸ್ಕಾಟ್ಲೆಂಡಿನ ನೇಪಿಯರ್ ಎಂಬಾತ 1614ರಲ್ಲಿ ಲಾಗರಿದಮ್ ಕೋಷ್ಟಕ ಅಚ್ಚು ಹಾಕಿಸಿದ್ದೇ ದೊಡ್ಡ ಗುಣಾಕಾರಗಳ ಕಾಟದಿಂದ ಜನರನ್ನು ಬಿಡಿಸಲು. ಅದೂ ಒಂದು ಯಂತ್ರವೇ, ಕಾಗದದ ಯಂತ್ರ. ಇಂಜಿನಿಯರುಗಳು ಸ್ಲೈಡ್ ರೂಲ್ ಹಿಡಿದರು. 1972ರಲ್ಲಿ ಅಮೆರಿಕದ ಎಚ್‌ಪಿ ಕಂಪನಿ ಅಂಗಿಯ ಜೇಬಿನಲ್ಲಿ ಹಿಡಿಸುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್ ತಂದಾಗ ಅದರ ಬೆಲೆ 395 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ಮೂರು ಸಾವಿರ ರೂಪಾಯಿ. ನಮ್ಮ ಮೇಷ್ಟ್ರುಗಳು ಆಗ ಕೊಳ್ಳಲಿಲ್ಲವೆಂದರೆ ತತ್ತ್ವಕ್ಕಾಗಿ ಅಲ್ಲ, ಸಂಬಳಕ್ಕಾಗಿ.

ಅವರ ಮಾತಿನಲ್ಲಿ ನಿಜವೇ ಇಲ್ಲವೆಂದು ನಾನು ಹೇಳುವುದಿಲ್ಲ. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳಲ್ಲಿ ಏಳೆಂಟಲ ಎಷ್ಟು ಎಂದರೆ ಮೇಲೆ ಫ್ಯಾನು ನೋಡುವವರಿದ್ದಾರೆ. ಹೈಸ್ಕೂಲಿನವರಿಗೆ ನಾನೂ ಕ್ಯಾಲ್ಕುಲೇಟರ್ ಮುಟ್ಟಿಸುವುದಿಲ್ಲ. ಕಾಲೇಜಿನಲ್ಲೂ ಬೀಜಗಣಿತದ ಎತ್ತರದ ಪಾಠಗಳಿಗೆ, ಸಾಧನೆ ಬರೆಯುವ ಪತ್ರಿಕೆಗಳಿಗೆ ಅದು ಕಾಸಿನ ಪ್ರಯೋಜನವಿಲ್ಲದ ವಸ್ತು. ಅಂಥ ಪಾಠ ಮಾಡುವ ಅಧ್ಯಾಪಕರು ಅದನ್ನು ಹೊರಗಿಡಿ ಎಂದರೆ ಸರಿಯೇ. ನಾನು ಹೇಳುತ್ತಿರುವುದು ಅದು ಬೇಕೇ ಬೇಕಾದ ಪತ್ರಿಕೆಗಳ ಮಾತು.

ಸಂಖ್ಯಾಶಾಸ್ತ್ರವನ್ನೇ ತೆಗೆದುಕೊಳ್ಳಿ. ಹತ್ತು ಜೊತೆ ಅಂಕಿ ಕೊಟ್ಟು ಇವುಗಳ ಸಹಸಂಬಂಧ ಎಷ್ಟು ಎಂದು ಕೇಳುತ್ತಾರೆ. ಐದು ಕಂಬಸಾಲು ಎಳೆಯಬೇಕು, ಇಪ್ಪತ್ತು ವರ್ಗ, ಹತ್ತು ಗುಣಲಬ್ಧ, ಐದು ಮೊತ್ತ, ಕಡೆಗೆ ಒಂದು ವರ್ಗಮೂಲ. ಕೈಯಲ್ಲಿ ಮಾಡಿದರೆ ಇಪ್ಪತ್ತು ನಿಮಿಷ, ನಡುವೆ ಎಲ್ಲೋ ಒಂದು ಏಳು ಒಂದಾಗಿ ಕಂಡರೆ ಮತ್ತೆ ಇಪ್ಪತ್ತು. ಯಂತ್ರವನ್ನು ಬಲ್ಲ ಹುಡುಗಿ ಅಂಕಿಗಳನ್ನು ತುಂಬಿ ನಾಲ್ಕು ನಿಮಿಷಕ್ಕೆ ಉತ್ತರ ತಾಳೆ ನೋಡಿಕೊಂಡು ಮುಂದಿನ ಪ್ರಶ್ನೆಗೆ ಹೋಗಿರುತ್ತಾಳೆ. ಇಬ್ಬರೂ ಒಂದೇ ಕೊಠಡಿಯಲ್ಲಿ ಕೂತಿದ್ದಾರೆ, ಇಬ್ಬರಿಗೂ ಗಂಟೆ ಹೊಡೆಯುವುದು ಒಂದೇ ಸಲ. ಪ್ರಶ್ನೆಪತ್ರಿಕೆ ಮಾಡಿದವರು ಎಲ್ಲರ ಕೈಯಲ್ಲೂ ಅದಿದೆ ಎಂದುಕೊಂಡೇ ಅಂಕಿಗಳನ್ನು ಆರಿಸಿರುತ್ತಾರೆ. ಕೈಯಲ್ಲಿ ಇಲ್ಲದವಳಿಗೆ ಕಮ್ಮಿ ಅಂಕ ಬಂದಾಗ ಮಾತ್ರ "ಹುಡುಗಿಗೆ ಲೆಕ್ಕ ಹತ್ತಲ್ಲ" ಎನ್ನುತ್ತೇವೆ. ಈ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಹುಡುಗಿಯರ ತಲೆಯ ಮೇಲೆ ಕೂತಿದೆಯೋ!

ನಮ್ಮ ವ್ಯವಸ್ಥೆಯ ಇನ್ನೊಂದು ವಿಚಿತ್ರ ನೋಡಿ. ಶಾಲೆಯ ಉದ್ದಕ್ಕೂ ಮಕ್ಕಳಿಗೆ ಅದನ್ನು ಮುಟ್ಟಬೇಡಿ ಎನ್ನುತ್ತೇವೆ. ಸಿಇಟಿಗೆ ಬಿಡುವುದಿಲ್ಲ, ನೀಟ್‌ಗೆ ಬಿಡುವುದಿಲ್ಲ. ಕಾಲೇಜಿನ ಬಾಗಿಲಲ್ಲಿ ಪಟ್ಟಿ ಕೊಟ್ಟು ಇದ್ದಕ್ಕಿದ್ದಂತೆ ತನ್ನಿ ಎನ್ನುತ್ತೇವೆ. ಅದನ್ನು ಹೇಗೆ ಬಳಸಬೇಕು ಎಂದು ಒಂದು ತರಗತಿಯಲ್ಲಾದರೂ ಕೂರಿಸಿ ಹೇಳಿಕೊಡುವವರು ಕಡಿಮೆ. ಎಲ್ಲರೂ ತಾವಾಗಿ ಕಲಿಯುತ್ತಾರೆ ಎಂಬ ಭರವಸೆ. ತಾನಾಗಿ ಕಲಿಯಬೇಕಾದರೆ ಅದು ರಾತ್ರಿ ತನ್ನ ದಿಂಬಿನ ಪಕ್ಕದಲ್ಲಿ ಇರಬೇಕು. ಯಾರೂ "ಹಾಳು ಮಾಡಬೇಡ" ಎನ್ನದೆ, ಸುಮ್ಮನೆ ಗುಂಡಿ ಒತ್ತಿ ಏನಾಗುತ್ತದೆ ನೋಡುವ ಪುರುಸೊತ್ತು ಇರಬೇಕು. ಗಂಡುಹುಡುಗರು ಯಂತ್ರಗಳನ್ನು ಬೇಗ ಕಲಿಯುತ್ತಾರೆ ಎನ್ನುವವರಿಗೆ ನನ್ನ ಉತ್ತರ ಇಷ್ಟೆ. ಅವರ ಕೈಗೆ ಅವು ಬೇಗ ಸಿಗುತ್ತವೆ, ಹಾಳು ಮಾಡಿದರೂ ಬೈಗಳು ಬೀಳುವುದು ಕಡಿಮೆ.

ಹೊಂದಿಸಿಕೊಂಡು ಹೋಗುವುದು ಎಂಬ ಮಾತಿಗೆ ಬರುತ್ತೇನೆ. ಅಣ್ಣನ ಮಕ್ಕಳಿಬ್ಬರದೂ ಬೇರೆ ಬೇರೆ ಕಾಲೇಜು, ಬೇರೆ ಬೇರೆ ವೇಳಾಪಟ್ಟಿ. ಒಂದೇ ಬೆಳಿಗ್ಗೆ ಇಬ್ಬರಿಗೂ ಪರೀಕ್ಷೆ ಬಿದ್ದರೆ ಅದು ಯಾರ ಚೀಲಕ್ಕೆ ಹೋಗುತ್ತದೆ? ನೀವೂ ನಾನೂ ಬಲ್ಲೆವು. ಯಾರೂ ಕೆಟ್ಟವರಲ್ಲ. ನನ್ನ ಅತ್ತಿಗೆ ಬಂಗಾರದಂಥ ಹೆಂಗಸು. ಆದರೆ "ಅವನದ್ದು ಇಂಜಿನಿಯರಿಂಗ್ ಅಲ್ವಾ" ಎಂದು ಒಂದು ಮಾತು ಬರುತ್ತದೆ, ಹುಡುಗಿ ತಾನಾಗಿಯೇ "ಪರವಾಗಿಲ್ಲ, ಗೆಳತಿ ಹತ್ರ ಇಸ್ಕೋತೀನಿ" ಎನ್ನುತ್ತಾಳೆ. ಕೊಠಡಿಯೊಳಗೆ ಗೆಳತಿಯ ಕೈಯಿಂದ ಈಸಿಕೊಳ್ಳುವುದಕ್ಕೆ ಬಿಡುವುದಿಲ್ಲ. ಅದರ ಹಿಂಬದಿಗೆ ಉತ್ತರ ಬರೆದು ದಾಟಿಸುವ ಜಾಣರೂ ಇರುತ್ತಾರಲ್ಲ, ಮೇಲ್ವಿಚಾರಕರನ್ನು ದೂರಿ ಫಲವಿಲ್ಲ. 'ಪರವಾಗಿಲ್ಲ' ಎನ್ನುವುದನ್ನು ನಾವು ಹೆಣ್ಣುಮಕ್ಕಳಿಗೆ ಎಷ್ಟು ಚೆನ್ನಾಗಿ ಕಲಿಸಿದ್ದೇವೆ ಎಂದರೆ, ಮಗ್ಗಿಯನ್ನೂ ಅಷ್ಟು ಚೆನ್ನಾಗಿ ಕಲಿಸಿಲ್ಲ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಯೋಜನೆ ಶುರುವಾದದ್ದು ನೆನಪಿದೆಯೆ? ಆಗ ಮನೆಗೊಂದು ಸೈಕಲ್ ಎಂದಿದ್ದರೆ ನಮ್ಮ ಹಳ್ಳಿಯ ಹುಡುಗಿಯರು ಎಂದಿಗೂ ಪೆಡಲ್ ತುಳಿಯುತ್ತಿರಲಿಲ್ಲ. ಮಗುವಿಗೊಂದು ಎಂದದ್ದರಿಂದಲೇ ನೀಲಿ ಸಮವಸ್ತ್ರದ ಹುಡುಗಿಯರ ಸಾಲು ರಸ್ತೆಗೆ ಬಂತು. ಸರ್ಕಾರ ಮಾಡಿದ್ದಕ್ಕೆಲ್ಲ ಚಪ್ಪಾಳೆ ತಟ್ಟುವವಳು ನಾನಲ್ಲ, ಆದರೆ ಆ ಲೆಕ್ಕ ಸರಿಯಾಗಿತ್ತು.

ಇನ್ನು ದುಡ್ಡಿನ ಮಾತು. ನಾನು ವಿಚಾರಿಸಿದಾಗ ಒಳ್ಳೆಯದೊಂದಕ್ಕೆ 1,350 ರೂಪಾಯಿ ಎಂದರು. ಅರ್ಧ ಬೆಲೆಗೂ ಸಿಗುತ್ತದೆ, ಬಿಎಸ್ಸಿಗೆ ಅದೂ ಧಾರಾಳವಾಗಿ ಸಾಕು. ಒಂದು ಸಲ ಕೊಂಡರೆ ಡಿಗ್ರಿ ಮುಗಿದು ಮುಂದಕ್ಕೂ ಬರುತ್ತದೆ. ನಮ್ಮಂಥ ಮಧ್ಯಮ ವರ್ಗದ ಮನೆಗಳಲ್ಲಿ ಇದು ದೊಡ್ಡ ಮೊತ್ತ ಎನ್ನುವವರು ತಮ್ಮ ಕಪಾಟಿನಲ್ಲಿ ಫಾಲ್ ಹಾಕಿಸದೆ ಬಿದ್ದಿರುವ ಸೀರೆಗಳನ್ನು ಒಮ್ಮೆ ಎಣಿಸಲಿ. ನನ್ನ ಕಪಾಟನ್ನು ಎಣಿಸಿಯೇ ಹೇಳುತ್ತಿದ್ದೇನೆ.

ಆದರೆ ಎಲ್ಲರ ಮನೆಯಲ್ಲೂ ಕಪಾಟಿಲ್ಲ. ನನ್ನ ಹತ್ತಿರ ಓದಿ ಪದವಿ ಕಾಲೇಜು ಸೇರಿದ ಹುಡುಗಿಯೊಬ್ಬಳ ತಾಯಿ ಅಡಿಕೆ ಸುಲಿಯಲು ಹೋಗುವವರು. ಅವರಿಗೆ ಆ 1,350 ರೂಪಾಯಿ ಎಂದರೆ ಎಷ್ಟು ದಿನದ ಕೂಲಿ ಎಂದು ನಾನು ಆ ತಾಯಿಗೆ ಹೇಳಿಕೊಡಬೇಕಾಗಿಲ್ಲ. ಇಂಥ ಮಕ್ಕಳಿಗೆ 'ಸ್ವಂತದ್ದು ಕೊಳ್ಳಿ' ಎಂದು ಪ್ರಬಂಧ ಬರೆಯುವುದು ಸುಲಭ. ಇಲ್ಲಿ ನನ್ನ ಜಗಳ ಕಾಲೇಜುಗಳ ಜೊತೆ. ಪಟ್ಟಿಯಲ್ಲಿ ಒಂದು ಸಾಲು ಬರೆದು ಕೈ ತೊಳೆದುಕೊಂಡರೆ ಆಯಿತೆ? ಕಾಲೇಜಿನ ಲೈಬ್ರರಿಯಲ್ಲಿ ಬುಕ್ ಬ್ಯಾಂಕ್ ಎಂದು ಇರುತ್ತದೆ. ಬಡ ವಿದ್ಯಾರ್ಥಿಗಳಿಗೆ ಪುಸ್ತಕಗಳನ್ನು ಪರೀಕ್ಷೆ ಮುಗಿಯುವವರೆಗೆ ಕೊಟ್ಟಿರುತ್ತಾರೆ. ಅದೇ ಬೀರುವಿನಲ್ಲಿ ಮೂವತ್ತು ಕ್ಯಾಲ್ಕುಲೇಟರ್ ಇಟ್ಟು, ನಂಬರ್ ಹಾಕಿ, ಸೆಮಿಸ್ಟರಿನ ಮೊದಲ ದಿನ ಕೊಟ್ಟು ಕಡೆಯ ಪರೀಕ್ಷೆಯ ಸಂಜೆ ವಾಪಸ್ ತೆಗೆದುಕೊಳ್ಳಲು ಯಾವ ಕಷ್ಟ? ಮೂವತ್ತಕ್ಕೂ ಸೇರಿ ನಲವತ್ತು ಸಾವಿರ. ವಾರ್ಷಿಕೋತ್ಸವದ ಶಾಮಿಯಾನ, ಹಾರ, ಧ್ವನಿವರ್ಧಕದ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿ. ದೇಶಮಟ್ಟದ ಗೇಟ್ ಪರೀಕ್ಷೆಯಲ್ಲಿ ಯಾರೂ ತಮ್ಮದನ್ನು ತರಬೇಡಿ ಎಂದು ಹೇಳಿ ಕಂಪ್ಯೂಟರ್ ಪರದೆಯ ಮೇಲೇ ಎಲ್ಲರಿಗೂ ಒಂದೇ ಕ್ಯಾಲ್ಕುಲೇಟರ್ ಕೊಡುತ್ತಾರೆ. ಬೇಕು ಎಂದವರೇ ಕೊಡಬೇಕು ಎನ್ನುವ ನ್ಯಾಯ ಅಲ್ಲಿಗೆ ಗೊತ್ತಾಗಿದೆ, ನಮ್ಮ ಊರಿನ ಕಾಲೇಜಿಗೆ ಇನ್ನೂ ಬಂದಿಲ್ಲ.

ನಾಲ್ಕು ತಿಂಗಳಿಗಾದರೂ ಸರಿ, ಆ ನಾಲ್ಕು ತಿಂಗಳು ಅದು ಒಬ್ಬಳ ಕೈಯಲ್ಲೇ ಇರಲಿ. ದಿನಕ್ಕೊಂದು ಕೈ ಬದಲಾಗುವ ಯಂತ್ರದಲ್ಲಿ ಹಿಂದಿನವರು ಯಾವ ಅಳತೆ ಬಿಟ್ಟು ಹೋದರು ಎಂದು ಹುಡುಕುವುದರಲ್ಲೇ ಆಯುಷ್ಯ ಮುಗಿಯುತ್ತದೆ.

ಅಣ್ಣ ಕಳಿಸಿದ ಬಾಗಿನದ ದುಡ್ಡು ಆ ವರ್ಷ ಒಂದೂವರೆ ಸಾವಿರ. ಹಬ್ಬದ ಮಾರನೆಯ ದಿನ ಪೇಟೆಗೆ ಹೋಗಿ ಕ್ಯಾಲ್ಕುಲೇಟರ್ ತಂದೆ. ಉಳಿದದ್ದರಲ್ಲಿ ಒಂದು ಡಜನ್ ಹಸಿರು ಬಳೆ. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಪುಟ್ಟಿಯ ಹೆಸರಿಗೆ ಕೊರಿಯರ್ ಮಾಡಿದೆ. ಮೂರನೆಯ ದಿನ ಅಣ್ಣನ ಫೋನು.

"ತವರಿನ ಬಾಗಿನ ವಾಪಸ್ ಕಳಿಸ್ತಾರೇನೆ? ಅಪ್ಪ ಇದ್ದಿದ್ರೆ ಏನಂದ್ಕೊಳ್ತಿದ್ರು?"

"ವಾಪಸ್ ಎಲ್ಲಿ ಕಳಿಸಿದೆ? ನನ್ನ ದುಡ್ಡು, ನನ್ನ ಸೊಸೆಗೆ ಕೊಟ್ಟೆ."

"ಮನೇಲಿ ಒಂದಿತ್ತಲ್ಲೇ."

"ನಮ್ಮನೇಲೂ ಒಂದಿತ್ತು ಅಣ್ಣಾ, ತೊಂಬತ್ತೊಂದರಲ್ಲಿ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮಳೆಯ ವಿಷಯ ಮಾತಾಡಿದ. ಅವನಿಗೆ ನೆನಪಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಮುನಿಸು ದೀಪಾವಳಿಯವರೆಗೂ ಇತ್ತು.

ಸಂಕ್ರಾಂತಿ ಕಳೆದು ಒಂದು ರಾತ್ರಿ ಪುಟ್ಟಿಯ ಫೋನು. ಹತ್ತು ಗಂಟೆಯಾಗಿತ್ತು, ನಾನು ಹಾಲಿಗೆ ಹೆಪ್ಪು ಹಾಕುತ್ತಿದ್ದೆ.

"ಅತ್ತೆ, ಒಂದು ಮಜಾ ಹೇಳ್ತೀನಿ. ಯಾವುದಾದ್ರೂ ಒಂದು ನಂಬರ್ ಹಾಕಿ ಕೊಸೈನ್ ಒತ್ಬೇಕು. ಬಂದಿದ್ದಕ್ಕೆ ಮತ್ತೆ ಕೊಸೈನ್. ಮತ್ತೆ ಮತ್ತೆ. ಯಾವ ನಂಬರಿಂದ ಶುರು ಮಾಡಿದ್ರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲತ್ತೆ!"

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಬೇಜಾರಾಗಿ ಸುಮ್ನೆ ಒತ್ತುತಾ ಕೂತಿದ್ದೆ. ಮೊದಲು ಮೂರು ಸಲ ಒತ್ತೋದ್ರೊಳಗೇ 0.9998 ಅಂತ ನಿಂತುಬಿಡ್ತು. ಇದೇನಪ್ಪ ಇಷ್ಟು ಬೇಗ ಅಂತ ನೋಡ್ತೀನಿ, ಮೇಲೆ ಸಣ್ಣಕ್ಕೆ ಡಿ ಅಂತಿದೆ, ಡಿಗ್ರಿ. ಅದನ್ನ ರೇಡಿಯನ್‌ಗೆ ಬದಲಾಯಿಸ್ದೆ. ಆಗ ನೋಡಿ, ನಲವತ್ತು ಸಲ ಒತ್ತಿದ ಮೇಲೆ 0.7390851 ಅಂತ ಬಂತು. ಆಮೇಲೆ ಎಷ್ಟು ಒತ್ತಿದ್ರೂ ಅಲ್ಲಾಡಲ್ಲ. ಯಾಕತ್ತೆ ಹಾಗಾಗತ್ತೆ?"

ನಾನು ಹೆಪ್ಪಿನ ಬಟ್ಟಲು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತೆ. 0.9998. ಎರಡು ಗೆರೆ ಎಳೆದು ಬರೆದಿದ್ದೆನಲ್ಲ, ಅದೇ ಅಂಕಿ. ಮೂವತ್ತೆರಡು ವರ್ಷ ಅದನ್ನು ತಪ್ಪು ಉತ್ತರ ಎಂದುಕೊಂಡಿದ್ದೆ. ಅದು ಡಿಗ್ರಿಯ ಲೋಕದಲ್ಲಿ ಸರಿಯಾದ ಉತ್ತರವೇ ಎಂದು ಹೊಳೆದಿರಲೇ ಇಲ್ಲ.

"ಒಂದು ಪೆನ್ನು, ಹಾಳೆ ತಗೋ" ಎಂದೆ. "ಹೇಳ್ತೀನಿ."

ಹಿಂದಿನಿಂದ ಅಣ್ಣನ ದನಿ ಕೇಳಿಸಿತು. "ಏನಂತೆ ಇಷ್ಟು ಹೊತ್ತಿಗೆ ಇಬ್ರದ್ದೂ?"

"ಇರಿ ಅಪ್ಪ," ಎಂದಳು ಪುಟ್ಟಿ, "ನಾವು ಲೆಕ್ಕ ಮಾಡ್ತಿದೀವಿ."